ಹಿಂದಿನ ಸೀಟಿನಲ್ಲಿ ಕೂತು ಮಾಡಿದ ಟ್ರಯಲ್

ಕಾರಿನ ಕೆಲಸ ಕಲಿಸುವ ಒಂದು ಕೇಂದ್ರದವರು ನಾನು ನಿವೃತ್ತನಾದ ಮೇಲೆ ಒಮ್ಮೆ ಭಾಷಣಕ್ಕೆ ಕರೆದಿದ್ದರು. ವೇದಿಕೆ ಹತ್ತುವ ಮುಂಚೆ ಅಲ್ಲಿನ ಮೇಷ್ಟ್ರೊಬ್ಬರು ನನ್ನ ಕಿವಿಯ ಹತ್ತಿರ ಬಂದು, "ಸಾರ್, ಸ್ವಲ್ಪ ಪಾಸಿಟಿವ್ ಆಗಿ ಮಾತಾಡಿ. ಹುಡುಗ್ರು ಹೆದ್ರಿಕೊಂಡ್ಬಿಡ್ತಾರೆ" ಎಂದರು. ಪಾಸಿಟಿವ್ ಆಗಿ ಏನು ಹೇಳಲಿ? ಹೆಲ್ಪರ್ ಆಗಿದ್ದವನು ಹೇಗೆ ಫೋರ್‌ಮನ್ ಆದೆ ಅಂತಲೇ? ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ನನಗಿಂತ ಮುಂಚೆ ಇದ್ದವರು ಬಿಟ್ಟು ಹೋದರು, ನಾನು ಉಳಿದುಕೊಂಡೆ, ಅಷ್ಟೇ. ನನಗೆ ಹೇಳಬೇಕಿದ್ದದ್ದೇ ಬೇರೆ ಇತ್ತು. ಅದನ್ನು ಅವತ್ತು ಹೇಳಲು ಆಗಲಿಲ್ಲ. ಶಾಲು ಹೊದಿಸಿಕೊಂಡು, ಬಾಳೆಹಣ್ಣು ಹಿಡಿದುಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನನ್ನ ಹೆಸರು ಮುನಿರಾಜು. ಮನೆ ಕೆ.ಆರ್. ಪುರದಲ್ಲಿ. ನಾನು ದುಡಿದದ್ದೆಲ್ಲ ಕಾರಿನ ಕೆಳಗೆ. ಇಂಜಿನ್ ಕೆಲಸ ಮಾಡುವವರು ಬಾನೆಟ್ ಎತ್ತಿ ನಿಂತುಕೊಂಡು ಮಾಡುತ್ತಾರೆ, ನೋಡುವವರಿಗೂ ಅದು ಚೆನ್ನಾಗಿ ಕಾಣುತ್ತದೆ. ನಮ್ಮದು ಸಸ್ಪೆನ್ಶನ್: ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಕೀಲುಗಳಲ್ಲಿ ಕೂರುವ ರಬ್ಬರಿನ ಬುಷ್ಷು. ಮೇಲೆ ಎಷ್ಟು ಚೆಂದದ ಗಾಡಿಯಾದರೂ ಅದು ತಿರುವಿನಲ್ಲಿ ರಸ್ತೆಯ ಮೇಲೆ ಉಳಿಯುವುದೋ ಕಂದಕಕ್ಕೆ ಹೋಗುವುದೋ ಎಂಬುದನ್ನು ತೀರ್ಮಾನಿಸುವುದು ಈ ಕೆಳಗಿನ ಸಾಮಾನು. ಅದನ್ನು ಯಾರೂ ಬಗ್ಗಿ ನೋಡುವುದಿಲ್ಲ.

ಕೆಲಸ ಕಲಿತದ್ದು ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಒಂದು ಗಲ್ಲಿಯಲ್ಲಿದ್ದ ಶೆಡ್ಡಿನಲ್ಲಿ. ನನ್ನ ಉಸ್ತಾದರ ಹೆಸರು ಗಫೂರ್ ಸಾಬ್. ನಮ್ಮ ಮನೆಯಲ್ಲಿ ಇವತ್ತಿಗೂ ಬುದ್ಧನ ಪಟದ ಪಕ್ಕದಲ್ಲಿ ಅವರ ಫೋಟೋ ಇದೆ. ಆ ಶೆಡ್ಡಿನಲ್ಲಿ ಲಿಫ್ಟ್ ಇರಲಿಲ್ಲ. ನೆಲದಲ್ಲಿ ಒಂದು ಉದ್ದನೆಯ ಗುಂಡಿ ಇತ್ತು, ಪಿಟ್ ಅನ್ನುತ್ತಿದ್ದೆವು. ಕಾರನ್ನು ಗುಂಡಿಯ ಮೇಲೆ ತಂದು ನಿಲ್ಲಿಸಿ ನಾವು ಒಳಗಿಳಿದು ಕೆಲಸ ಮಾಡುತ್ತಿದ್ದೆವು. ಮಳೆ ಬಂದರೆ ಮಾರ್ಕೆಟ್ಟಿನ ನೀರೆಲ್ಲ ಅದಕ್ಕೇ ಬರುತ್ತಿತ್ತು. ಕೊಳೆತ ಕೊತ್ತಂಬರಿ, ಮೀನಿನ ವಾಸನೆ, ಗ್ರೀಸು, ಎಲ್ಲ ಒಟ್ಟಿಗೆ.

ಗಫೂರ್ ಸಾಬರ ಶೆಡ್ಡಿನಲ್ಲಿ ಎರಡು ಕಟ್ಟಳೆಗಳಿದ್ದವು. ಒಂದು, ಬಿಚ್ಚಿದ ಹಳೆಯ ಸಾಮಾನನ್ನು ಒರೆಸಿ, ಮುಂದಿನ ಸೀಟಿನ ಮೇಲೆ ಗೋಣಿ ಹಾಸಿ, ಗಾಡಿಯವರ ಕಣ್ಣೆದುರಿಗೇ ಇಡಬೇಕು. ಡಿಕ್ಕಿಯಲ್ಲಿ ಮುಚ್ಚಿಡುವ ಹಾಗಿಲ್ಲ. "ಅವ್ರ ಸಾಮಾನು ಅವ್ರು ನೋಡ್ಲಿ. ನಾವೇನು ಕಳ್ರಾ?" ಎನ್ನುತ್ತಿದ್ದರು. ಇನ್ನೊಂದು, ಕೆಲಸ ಮುಗಿದ ಗಾಡಿಯನ್ನು ಓಡಿಸಿ ನೋಡಲು ಟ್ರಯಲ್‌ಗೆ ಹೋಗುವಾಗ ಕೆಲಸ ಮಾಡಿದವನು ಸ್ಟೇರಿಂಗ್ ಹಿಡಿಯಬಾರದು. ಹಿಂದಿನ ಸೀಟಿನಲ್ಲಿ ಕೂರಬೇಕು.

ಹೊಸದರಲ್ಲಿ ನನಗೆ ಇದು ಅವಮಾನ ಅನ್ನಿಸುತ್ತಿತ್ತು. ಕೈ ಕೊಳೆ ಮಾಡಿಕೊಂಡವನು ನಾನು, ಕಾರು ಓಡಿಸುವ ಮಜ ಇನ್ನೊಬ್ಬರಿಗೆ. ಒಂದು ದಿನ ಬಾಯಿಬಿಟ್ಟು ಕೇಳಿದೆ.

"ಸ್ಟೇರಿಂಗ್ ಹಿಡ್ಕೊಂಡ್ರೆ ನಿನ್ ಧ್ಯಾನ ಎಲ್ಲಾ ರೋಡ್ ಮೇಲೆ ಹೋಗ್ತದೆ ರೇ ಮುನ್ನಾ" ಎಂದರು. "ಹಿಂದೆ ಕೂತ್ಕೋ. ಕಣ್ಣು ಮುಚ್ಕೋ. ಗಾಡಿ ಏನ್ ಮಾಡ್ತದೆ ಅಂತ ನಿನ್ ಸೊಂಟಕ್ಕೆ ಗೊತ್ತಾಗ್ತದೆ. ಮತ್ತೆ ಒಂದ್ ಮಾತು. ಹಿಂದೆ ಆಳು ಕೂತ್ರೇನೇ ಗಾಡಿ ಅಸ್ಲಿ ಬುದ್ಧಿ ತೋರ್ಸೋದು."

ಹಲಸೂರು ಕೆರೆಯ ಸುತ್ತಿನ ತಿರುವುಗಳಲ್ಲಿ ಹೀಗೆ ಕಣ್ಣು ಮುಚ್ಚಿಕೊಂಡು ಕೂತು ನಾನು ಈ ಕೆಲಸ ಕಲಿತೆ. ಯಾವ ಕಡೆಯ ಶಾಕ್ ಸತ್ತಿದೆ, ಯಾವ ಬುಷ್ ಹರಿದಿದೆ ಎಂದು ಕೂತಲ್ಲೇ ಹೇಳುವಷ್ಟಾದೆ. ವಾಂತಿ ಮಾಡಿಕೊಂಡದ್ದೂ ಉಂಟು.

ಆ ಕಾಲದಲ್ಲೂ ಗಾಡಿಯನ್ನು ಗಟ್ಟಿ ಮಾಡಿಸಿಕೊಳ್ಳುವ ಹುಚ್ಚಿನವರು ಬರುತ್ತಿದ್ದರು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಯಜಮಾನರೊಬ್ಬರು, ಊಟಿ ರಸ್ತೆಯಲ್ಲಿ ತಮ್ಮ ಕಾರು ಸ್ವಲ್ಪವೂ ವಾಲಬಾರದು, ಸಿಕ್ಕಿದ್ದರಲ್ಲಿ ಅತಿ ಗಟ್ಟಿ ಸ್ಪ್ರಿಂಗ್ ಹಾಕಿ ಎಂದು ಹಟ ಹಿಡಿದರು. ಬೇಡ ಎಂದರೂ ಕೇಳದೆ ಬೇರೆ ಕಡೆ ಹಾಕಿಸಿಕೊಂಡು ಹೋದರು. ಊಟಿಯಿಂದ ವಾಪಸು ಬಂದದ್ದು ಹಿಂದಿನ ಸೀಟಿನಲ್ಲಿ ಮಲಗಿಕೊಂಡು. ಆಮೇಲೆ ಬಹಳ ದಿನ ಅಂಗಡಿಯಲ್ಲಿ ನಿಂತುಕೊಂಡೇ ವ್ಯಾಪಾರ ಮಾಡಿದರಂತೆ. ನಾವು ನಕ್ಕೆವು, ಗಫೂರ್ ಸಾಬ್ ನಗಲಿಲ್ಲ. "ಅವ್ರ ಸೊಂಟ ಹೋಗ್ಲಿ. ಆ ಗಾಡಿ ಹಳ್ಳಕ್ಕೆ ಬಿದ್ದಾಗ ಚಕ್ರ ನೆಲ ಬಿಟ್ಟು ಎಗರ್ತದೆ. ಎಗರಿದ ಚಕ್ರಕ್ಕೆ ಬ್ರೇಕ್ ಎಲ್ಲಿ, ಹಿಡಿತ ಎಲ್ಲಿ?" ಎಂದರು. ಇದನ್ನು ನೀವು ನೆನಪಿಟ್ಟುಕೊಳ್ಳಿ. ಗಾಡಿ ತಿರುವಿನಲ್ಲಿ ಚೆನ್ನಾಗಿ ನಿಲ್ಲಬೇಕು ಅಂದರೆ ಕಲ್ಲಿನ ಹಾಗೆ ಗಟ್ಟಿಯಾಗಬೇಕು ಅಂತಲ್ಲ. ನಮ್ಮ ರಸ್ತೆ ಇರುವ ಹಾಗೆಯೇ ಇದ್ದರೂ ನಾಲ್ಕು ಚಕ್ರವೂ ನೆಲ ಬಿಡಬಾರದು ಅಂತ.

ಗಫೂರ್ ಸಾಬ್ ತೀರಿಕೊಂಡ ಮೇಲೆ ಶೆಡ್ಡು ಹೋಯಿತು. ನಾನು ಗರುಡಾಚಾರ್‌ಪಾಳ್ಯದ ಒಂದು ದೊಡ್ಡ ವರ್ಕ್‌ಶಾಪಿಗೆ ಸೇರಿದೆ. ಅಲ್ಲಿ ಗಾಜಿನ ಆಫೀಸು, ಕಾಫಿ ಮಷೀನು, ಸಾಲಾಗಿ ಲಿಫ್ಟುಗಳು. ಕಾರನ್ನು ಎರಡು ಕಂಬಗಳ ನಡುವೆ ನಿಲ್ಲಿಸಿ ಬಟನ್ ಒತ್ತಿದರೆ ಆಳೆತ್ತರಕ್ಕೆ ಏರುತ್ತದೆ, ಚಕ್ರಗಳು ಗಾಳಿಯಲ್ಲಿ ಜೋತಾಡುತ್ತವೆ. ಬೆನ್ನು ನೋವಿಲ್ಲ, ಕೊಳಚೆ ನೀರಿಲ್ಲ. ಮೊದಲ ದಿನ ನನಗೆ ಸ್ವರ್ಗಕ್ಕೆ ಬಂದಷ್ಟು ಸಂತೋಷವಾಯಿತು. ಅಲ್ಲಿ ಒಂದು ಹಳೆಯ ಪಿಟ್ಟೂ ಇತ್ತು. ಅದಕ್ಕೆ ಹಲಗೆ ಮುಚ್ಚಿ, ಮೇಲೆ ಖಾಲಿ ರಟ್ಟಿನ ಡಬ್ಬಗಳನ್ನೂ ಮುರಿದ ಕುರ್ಚಿಗಳನ್ನೂ ಒಟ್ಟಿದ್ದರು.

ಸ್ವಲ್ಪ ದಿನಕ್ಕೇ ನನಗೊಂದು ವಿಷಯ ಕಣ್ಣಿಗೆ ಬಿತ್ತು. ನಾವು ಹೊಸ ಬುಷ್ ಹಾಕಿ ಕಳಿಸಿದ ಗಾಡಿಗಳು ಬೇಗ ವಾಪಸು ಬರುತ್ತಿದ್ದವು, ಬುಷ್ಷಿನ ರಬ್ಬರು ಹರಿದುಹೋಗಿರುತ್ತಿತ್ತು. ಎಲ್ಲರೂ ಕಂಪನಿ ಮಾಲು ಸರಿಯಿಲ್ಲ ಎಂದು ಬೈಯುತ್ತಿದ್ದರು. ಮಾಲು ಸರಿಯಾಗಿಯೇ ಇತ್ತು. ನಮ್ಮವರು ಬೋಲ್ಟುಗಳನ್ನು ಲಿಫ್ಟಿನ ಮೇಲೆ, ಚಕ್ರ ಜೋತಾಡುವಾಗಲೇ ಪೂರ್ತಿ ಬಿಗಿ ಮಾಡಿಬಿಡುತ್ತಿದ್ದರು. ಆ ಸ್ಥಿತಿಯಲ್ಲಿ ರಬ್ಬರು ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದ ತಕ್ಷಣ ಅದು ತಿರುಚಿಕೊಂಡು, ಆಮೇಲೆ ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ. ಹರಿಯದೆ ಇನ್ನೇನಾಗುತ್ತದೆ? ಪಿಟ್ಟಿನಲ್ಲಿ ಈ ತಪ್ಪು ಮಾಡಬೇಕೆಂದರೂ ಆಗುತ್ತಿರಲಿಲ್ಲ, ಗಾಡಿ ತನ್ನ ಕಾಲ ಮೇಲೆ ತಾನೇ ನಿಂತಿರುತ್ತಿತ್ತು. ಹೊಸ ಯಂತ್ರ ಬಂದ ಮೇಲೆ ಹುಟ್ಟಿದ ತಪ್ಪು ಇದು.

ಮ್ಯಾನೇಜರ್ ಸುಧೀರನಿಗೆ ಹೇಳಿದೆ. ಒಳ್ಳೆಯ ಬಟ್ಟೆ, ಒಳ್ಳೆಯ ಮಾತು, ವಯಸ್ಸಿನಲ್ಲಿ ನನಗಿಂತ ತುಂಬ ಚಿಕ್ಕವನು.

"ಮುನ್‌ರಾಜಣ್ಣ, ಕೆಳಗಿಳಿಸಿ ಬಿಗಿ ಮಾಡ್ತಾ ಕೂತ್ರೆ ಲಿಫ್ಟ್ ಯಾವಾಗ ಫ್ರೀ ಆಗೋದು? ಆಚೆ ಗಾಡಿ ಕ್ಯೂ ನಿಂತಿದೆ, ನೋಡಿ."

"ಅದೇ ಗಾಡಿ ವಾಪಸ್ ಬಂದು ನಿಂತಿರೋದಪ್ಪಾ ಅದು!"

ಅವನು ನಕ್ಕು ಒಳಗೆ ಹೋದ. ಕೆಲಸ ಹೇಗಾಯಿತು ಎಂದು ನೋಡಲು ಅವನಿಗಿದ್ದ ದಾರಿ ಒಂದೇ, ಅಲೈನ್‌ಮೆಂಟ್ ಮಷೀನಿನಿಂದ ಬರುವ ಕಾಗದ. ಅದರಲ್ಲಿ ಎಲ್ಲ ಅಂಕಿಗಳೂ ಹಸಿರು ಬಣ್ಣದಲ್ಲಿದ್ದರೆ ಗಾಡಿ ಸರಿ. ಕಾರು ನಿಂತಿರುವಾಗ ಚಕ್ರ ನೇರವಾಗಿದೆಯೇ ಎಂದು ಮಾತ್ರ ಆ ಕಾಗದ ಹೇಳುತ್ತದೆ. ಜನ ಕಾರು ಕೊಳ್ಳುವುದು ನಿಲ್ಲಿಸಿಕೊಳ್ಳುವುದಕ್ಕಲ್ಲವಲ್ಲ.

ನಾನು ನಿವೃತ್ತನಾಗುವ ವರ್ಷ ಬಂದ ಒಂದು ಗಾಡಿಯ ಕಥೆ ಹೇಳಬೇಕು. ಆ ಭಾಷಣದಲ್ಲಿ ಹೇಳಲಾಗದೆ ನುಂಗಿಕೊಂಡದ್ದು ಇದನ್ನೇ.

ಅದು ಬಿಳಿ ಬಣ್ಣದ ಕಾರು. ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಗದಗದ ಕಡೆಯವರು, ಇಬ್ಬರಿಗೂ ನಮ್ಮ ಸುತ್ತಮುತ್ತಲಿನ ಆಫೀಸುಗಳಲ್ಲೇ ಕೆಲಸ. ಆತ ವೀರೇಶ್, ಆಕೆ ಅನ್ನಪೂರ್ಣ. ಘಟ್ಟದಲ್ಲಿ ಗಾಡಿ ಜಾರಿತ್ತು, ಯಾಕೆ ಎಂದು ನೋಡಿ ಎಂಬುದು ಆಕೆಯ ದೂರು. ಸುಧೀರ್ ಒಬ್ಬನೇ ಕಾರು ತೆಗೆದುಕೊಂಡು ಒಂದು ಸುತ್ತು ಹೋಗಿ ಬಂದ. ಅಲೈನ್‌ಮೆಂಟಿನ ಕಾಗದವನ್ನೂ ತೆಗೆಸಿದ. ಎಲ್ಲ ಹಸಿರು.

"ಮೇಡಂ, ನಾನೇ ಓಡ್ಸಿದೀನಿ. ಸಸ್ಪೆನ್ಶನ್ ಸೂಪರ್ ಆಗಿದೆ, ಸಾರ್ ಸ್ಪೋರ್ಟ್ಸ್ ಸ್ಪ್ರಿಂಗ್ ಬೇರೆ ಹಾಕ್ಸಿದಾರೆ. ಬೇಜಾರ್ ಮಾಡ್ಕೋಬೇಡಿ, ಘಾಟ್ ಸೆಕ್ಷನ್‌ಗೆ ಅಂತಾನೇ ಡ್ರೈವಿಂಗ್ ಕ್ಲಾಸ್ ಇರುತ್ತೆ. ನಮ್ ಪರಿಚಯದೋರು ಇದಾರೆ" ಎಂದ.

ವೀರೇಶ್ ಹೆಂಡತಿಯ ಕಡೆ ತಿರುಗಿ, "ನಾ ಹೇಳಿದ್ದಿಲ್ಲನು?" ಎಂದರು.

ಆಕೆ ಎದ್ದು ಹೋಗಲಿಲ್ಲ. ನಾನು ಪಕ್ಕದ ಬೇಯಲ್ಲಿ, ಅಂದರೆ ಗಾಡಿ ನಿಲ್ಲಿಸಿ ಕೆಲಸ ಮಾಡುವ ಅಂಕಣದಲ್ಲಿ, ಕೈ ಒರೆಸಿಕೊಳ್ಳುತ್ತಾ ನಿಂತಿದ್ದೆ. ಆಕೆ ನನ್ನ ಹತ್ತಿರ ಬಂದು, "ಅಣ್ಣಾರ, ನಿಮಗ ಒಂದು ಮಾತು ಕೇಳ್ಲಿ? ನೀವರ ಪೂರಾ ಕೇಳ್ತೀರೇನು?" ಎಂದರು.

ಆಕೆ ಹೇಳಿದ್ದು ಇಷ್ಟು. ರಜೆಯಲ್ಲಿ ಊರಿಗೆ ಹೋದವರು ಅತ್ತೆಯನ್ನೂ ಅವರ ತಂಗಿಯನ್ನೂ ಮಗಳನ್ನೂ ಕರೆದುಕೊಂಡು ಗೋಕರ್ಣಕ್ಕೆ ಹೊರಟಿದ್ದರು. ದೇವಿಮನೆ ಘಟ್ಟ ಇಳಿಯುವಾಗ ಆಕೆಯೇ ಓಡಿಸುತ್ತಿದ್ದರು. ಒಂದು ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿ, ಗಾಡಿ ಪೂರ್ತಿ ತಿರುಗಿ, ಗುಡ್ಡದ ಬದಿಯ ಚರಂಡಿಗೆ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಇನ್ನೊಂದು ಬದಿಗೆ ಜಾರಿದ್ದರೆ ಕೆಳಗೆ ಬರೀ ಕಾಡು. ಅವತ್ತಿನಿಂದ ಮನೆಯವರು ಆಕೆಯ ಕೈಗೆ ಕೀ ಕೊಡುವುದನ್ನು ಬಿಟ್ಟರು. ತಿರುವಿನಲ್ಲಿ ನೀನು ಬ್ರೇಕ್ ಒತ್ತಿದೆ, ನೀನು ಹೆದರಿಕೊಂಡೆ, ಹೆಂಗಸರಿಗೆ ಘಟ್ಟ ಆಗುವುದಿಲ್ಲ ಎಂದು ನೆಂಟರಿಷ್ಟರೆಲ್ಲ ಒಂದೊಂದು ಅಂದರು.

"ಅದನ್ನೆಲ್ಲಾ ತಡ್ಕೊಂಡೇನ್ರಿ" ಎಂದರು. "ನನ್ನ ಮಗಳು ಪಾಪು, ಅಕಿ ಈಗ ನಾ ಸ್ಟೇರಿಂಗ್ ಮ್ಯಾಲೆ ಕೈ ಇಟ್ರ ಸಾಕು ಗಾಡಿ ಹತ್ತಂಗಿಲ್ಲ. 'ಅವ್ವ ಹೊಡದ್ರ ನಾ ಬರಂಗಿಲ್ಲ' ಅಂತ ಅಳ್ತಾಳ. ನನಗ ಒಂದ ಗೊತ್ತಾಗ್ಬೇಕ್ರಿ. ತಪ್ಪು ನಂದೋ, ಗಾಡೀದೋ? ನಂದ ಆದ್ರ ಮತ್ತ ಗಾಡಿ ಮುಟ್ಟಂಗಿಲ್ಲ."

"ಗಾಡಿ ತಿರುಗೋಕ್ ಮುಂಚೆ ಏನಾಯ್ತು ಮೇಡಂ?"

"ಸಪ್ಪಳ ಆತ್ರಿ. ಹಿಂದಿನ್ ಕಡಿಂದ, ಧಡ್ ಅಂತ, ಯಾರೋ ಕೆಳಗಿಂದ ಗುದ್ದಿದಂಗ. ಅದು ಆದ ಮ್ಯಾಲ ಜಾರಿತು."

ವೀರೇಶ್ ನಡುವೆ ಬಾಯಿ ಹಾಕಿದರು. "ಅದು ಗಟರಿಗೆ ಬಡದ ಸಪ್ಪಳ. ಎಷ್ಟ್ ಸಲ ಹೇಳೇನಿ ಅನು ನಿನಗ? ಗಾಬರ್ಯಾಗ ಹಿಂದು ಮುಂದು ಆಗಿರ್ತೈತಿ."

"ಇಲ್ರಿ. ಮೊದ್ಲ ಸಪ್ಪಳ, ಆಮ್ಯಾಲ ಜಾರಿದ್ದು. ನಾ ಅವತ್ತಿಂದ ಇದನ್ನ ಹೇಳಾಕತ್ತೇನಿ."

ಇಲ್ಲಿ ನನಗೆ ಸಿಟ್ಟು ಶುರುವಾಯಿತು, ಇವತ್ತಿಗೂ ಇಳಿದಿಲ್ಲ. ಒಬ್ಬ ಹೆಂಗಸು ಸ್ಟೇರಿಂಗ್ ಹಿಡಿದು ಕೂತಿದ್ದಾಳೆ, ಮೊದಲು ಏನಾಯಿತು ಆಮೇಲೆ ಏನಾಯಿತು ಎಂದು ಸ್ಪಷ್ಟವಾಗಿ ಹೇಳುತ್ತಿದ್ದಾಳೆ. ಅದನ್ನು ಗಂಡ ಕೇಳಿಲ್ಲ, ಅತ್ತೆ ಕೇಳಿಲ್ಲ, ಚರಂಡಿಗೆ ಬಿದ್ದ ಮೇಲೆ ಗಾಡಿ ರಿಪೇರಿ ಮಾಡಿದವರು ಕೇಳಿಲ್ಲ, ಕೇಳಲೆಂದೇ ಸಂಬಳ ತೆಗೆದುಕೊಳ್ಳುವ ನಮ್ಮ ಮ್ಯಾನೇಜರನೂ ಕೇಳಿಲ್ಲ. ಗಾಡಿಗೆ ಬಾಯಿಲ್ಲ ಎಂದು ನಾವು ಮಷೀನು ತಂದಿಟ್ಟುಕೊಂಡಿದ್ದೇವೆ. ಬಾಯಿರುವವರು ಬಂದು ಹೇಳಿದರೆ ಡ್ರೈವಿಂಗ್ ಕ್ಲಾಸಿಗೆ ಕಳಿಸುತ್ತೇವೆ.

"ಅವತ್ತು ಹಿಂದೆ ಯಾರ್ ಯಾರು ಕೂತಿದ್ರಿ? ಡಿಕ್ಕೀಲಿ ಏನಿತ್ತು?" ಎಂದು ಕೇಳಿದೆ.

ಅತ್ತೆ, ಅತ್ತೆಯ ತಂಗಿ, ಮಗಳು. ಡಿಕ್ಕಿಯಲ್ಲಿ ಬ್ಯಾಗುಗಳು, ಊರಿಂದ ಕಟ್ಟಿಸಿಕೊಂಡ ಜೋಳದ ಚೀಲ, ಅಕ್ಕಿ ಚೀಲ.

"ಸಾರ್ ನೀವು ಆಫೀಸಿಗ್ ಹೋಗುವಾಗ?"

"ನಾ ಒಬ್ನ ಹೋಗ್ತೀನ್ರಿ. ಚೊಲೋ ಓಡ್ತೈತಿ, ಅಗದಿ ಟೈಟ್" ಎಂದರು ವೀರೇಶ್.

ನಾನು ಸುಧೀರನ ಕಡೆ ನೋಡಿದೆ. ಅವನು ಫೋನು ನೋಡುತ್ತಿದ್ದ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಬ್ಯಾಟರಿಗಳನ್ನೆಲ್ಲ ತಂದು ಆ ಕಾರಿನ ಡಿಕ್ಕಿಗೆ ತುಂಬಿದೆ. "ಏನ್ ಮಾಡ್ತಿದೀರ ಅಣ್ಣ?" ಎಂದ. "ಟ್ರಯಲ್‌ಗೆ ಹೋಗ್ತಿದೀನಿ. ನೀನು ಖಾಲಿ ಗಾಡೀಲಿ ಹೋಗಿದ್ಯಲ್ಲಾ, ನಾನು ತುಂಬಿದ್ ಗಾಡೀಲಿ ಹೋಗ್ತೀನಿ" ಎಂದೆ.

ನಂದಿ ಬೆಟ್ಟಕ್ಕೆ ಹೋದೆವು. ವಾರದ ನಡುವೆ, ರಸ್ತೆಯಲ್ಲಿ ಜನ ಇರಲಿಲ್ಲ. ವೀರೇಶ್ ಓಡಿಸಿದರು, ಅನ್ನಪೂರ್ಣ ಮತ್ತು ನಾನು ಹಿಂದೆ ಕೂತೆವು. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವ ಮುಂಚೆ ನಾನು, "ಸಾರ್, ನಿಧಾನ. ನನಗೆ ಸದ್ದು ಕೇಳಿದ್ರೆ ಸಾಕು, ಜಾರೋದು ಬೇಡ" ಎಂದು ಎರಡೆರಡು ಸಲ ಹೇಳಿದೆ. ಆದರೆ ಗಂಡಸು, ಹಿಂದೆ ಹೆಂಡತಿ ಕೂತಿದ್ದಾಳೆ, ಘಟ್ಟದಲ್ಲಿ ಹೇಗೆ ಓಡಿಸಬೇಕೆಂದು ತೋರಿಸದೆ ಇರಲಿಕ್ಕಾಗುತ್ತದೆಯೇ? ಕೆಳಗಿನ ಒಂದು ತಿರುವಿಗೆ ಸ್ವಲ್ಪ ಜೋರಾಗಿಯೇ ಬಂದರು. ಸೀಟಿನ ಅಡಿಯಿಂದ ನನ್ನ ಬೆನ್ನುಮೂಳೆಗೆ ಧಡ್ ಎಂದು ಬಡಿಯಿತು. ಮರುಗಳಿಗೆ ಗಾಡಿಯ ಹಿಂಭಾಗ ಹೊರಗೆ ಜಾರಿತು. ಅವರ ಪುಣ್ಯ, ನಮ್ಮ ಪುಣ್ಯ, ಆ ತಿರುವು ಅಲ್ಲಿಗೇ ಮುಗಿದಿತ್ತು. ಗಾಡಿ ಅಡ್ಡಾದಿಡ್ಡಿ ತೂಗಾಡಿ ನೇರವಾಯಿತು. ಅನ್ನಪೂರ್ಣ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ವೀರೇಶ್ ಗಾಡಿಯನ್ನು ಪಕ್ಕಕ್ಕೆ ಹಾಕಿದರು.  ಕಿಟಕಿಯಿಂದ ಹಿಂದಕ್ಕೆ ನೋಡಿ, "ರೋಡಿನ ಮ್ಯಾಲೆ ಮಣ್ಣೈತಿ" ಎಂದರು.

ಅನ್ನಪೂರ್ಣ ಬಾಗಿಲು ತೆಗೆದು ಇಳಿದರು. ತಿರುವಿನ ತನಕ ಹಿಂದಕ್ಕೆ ನಡೆದುಕೊಂಡು ಹೋದರು. ಅಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅಂಗೈಯಿಂದ ಡಾಂಬರನ್ನು ಸವರಿದರು. ವಾಪಸು ಬಂದು ಗಂಡನ ಕಿಟಕಿಯ ಹತ್ತಿರ ನಿಂತು ಆ ಅಂಗೈಯನ್ನು ತೋರಿಸಿದರು. ಸ್ವಚ್ಛವಾಗಿತ್ತು.

"ಎಲ್ಲೈತ್ರಿ ಮಣ್ಣು?"

 ಅದೇ ಗಾಡಿ, ಅದೇ ಸದ್ದು, ಅದೇ ಜಾರುವಿಕೆ. ಆಕೆ ಓಡಿಸಿದಾಗ ಆಕೆಯ ತಪ್ಪು, ಆತ ಓಡಿಸಿದಾಗ ರಸ್ತೆಯ ತಪ್ಪು. ಎಷ್ಟು ಸಲೀಸಾಗಿ ಬಂತು ಆ ಮಾತು! ಆತ ಕೆಟ್ಟ ಮನುಷ್ಯನಲ್ಲ. ಕೆಟ್ಟ ಮನುಷ್ಯನಾಗಿದ್ದರೆ ನನಗೆ ಅಷ್ಟು ಕೋಪ ಬರುತ್ತಿರಲಿಲ್ಲ.

ವರ್ಕ್‌ಶಾಪಿಗೆ ಬಂದು ಗಾಡಿ ಎತ್ತಿಸಿ ಹಿಂದಿನ ಸ್ಪ್ರಿಂಗ್ ಬಿಚ್ಚಿದೆ. ಕೆಂಪು ಬಣ್ಣ ಬಳಿದ, ಮಿರಿ ಮಿರಿ ಮಿಂಚುವ ಸ್ಪ್ರಿಂಗು. ಹೊರದೇಶದ ಮಾಲು ಎಂದು ಯಾವುದೋ ಮಾಡಿಫಿಕೇಶನ್ ಅಂಗಡಿಯವರು ಹಾಕಿಕೊಟ್ಟಿದ್ದರಂತೆ. ಗಾಡಿ ತಗ್ಗಾಗುತ್ತದೆ, ಘಟ್ಟದಲ್ಲಿ ವಾಲುವುದಿಲ್ಲ ಎಂದು ಹೇಳಿದ್ದರಂತೆ. ಚಿಂದಿಗೆ ಸ್ವಲ್ಪ ಥಿನ್ನರ್ ಹಾಕಿ ಉಜ್ಜಿದೆ. ಕೆಂಪು ಬಣ್ಣದ ಕೆಳಗೆ ಕಂಪನಿಯದೇ ಕಪ್ಪು ಬಣ್ಣ ಸಿಕ್ಕಿತು. ಸ್ಪ್ರಿಂಗಿನ ತುದಿಯನ್ನು ಗ್ರೈಂಡರಿನಲ್ಲಿ ಕತ್ತರಿಸಿದ ಗುರುತು ಹಾಗೇ ಇತ್ತು, ಅದರ ಪಕ್ಕದಲ್ಲಿ ಲೋಹ ಕಾದು ನೀಲಿಗಟ್ಟಿದ ಕಲೆ. ಗಾಡಿಯ ಸ್ವಂತ ಸ್ಪ್ರಿಂಗನ್ನೇ ಕತ್ತರಿಸಿ, ಬಣ್ಣ ಬಳಿದು, ಅದೇ ಗಾಡಿಗೆ ಮಾರಿದ್ದರು.

ಸ್ಪ್ರಿಂಗು ಗಿಡ್ಡವಾದರೆ ಏನಾಗುತ್ತದೆ ಎಂದು ಹೊಸಬರಿಗೆ ಹೇಳಬೇಕು. ಸ್ಪ್ರಿಂಗು ಕುಗ್ಗಿ ಕುಗ್ಗಿ ಕೊನೆಗೆ ಗಾಡಿಗೆ ಪೆಟ್ಟಾಗದಿರಲೆಂದು ಒಂದು ರಬ್ಬರಿನ ತುಂಡು ಇಟ್ಟಿರುತ್ತಾರೆ. ಬಂಪ್ ಸ್ಟಾಪ್ ಅನ್ನುತ್ತೇವೆ. ಯಾವಾಗಲೋ ದೊಡ್ಡ ಹಳ್ಳಕ್ಕೆ ಬಿದ್ದಾಗ ಮಾತ್ರ ಗಾಡಿ ಅದರ ಮೇಲೆ ಕೂರಬೇಕು. ಸ್ಪ್ರಿಂಗು ಕತ್ತರಿಸಿದ ಗಾಡಿಯಲ್ಲಿ ಆ ರಬ್ಬರಿಗೆ ಜಾಗವೇ ಉಳಿದಿರುವುದಿಲ್ಲ. ಒಬ್ಬನೇ ಓಡಿಸಿದರೆ ಗೊತ್ತಾಗುವುದಿಲ್ಲ, ಹಿಂದೆ ಸಂಸಾರ, ಸಾಮಾನು ತುಂಬಿದರೆ ಗಾಡಿ ಮೊದಲೇ ತಗ್ಗಿರುತ್ತದೆ. ತಿರುವಿನಲ್ಲಿ ಭಾರ ಒಂದು ಬದಿಗೆ ವಾಲಿದ ತಕ್ಷಣ ರಬ್ಬರಿಗೆ ಬಡಿಯುತ್ತದೆ. ಧಡ್ ಎಂಬ ಸದ್ದು ಅದು. ಆ ಕ್ಷಣದಿಂದ ಹಿಂದಿನ ಚಕ್ರಕ್ಕೆ ಸ್ಪ್ರಿಂಗೇ ಇಲ್ಲದ ಹಾಗೆ. ಟಯರು ಹಿಡಿತ ಬಿಡುತ್ತದೆ, ಗಾಡಿ ತಿರುಗುತ್ತದೆ. ಮೊದಲು ಸದ್ದು, ಆಮೇಲೆ ಜಾರುವುದು. ಆಕೆ ಹೇಳಿದ್ದ ಕ್ರಮದಲ್ಲೇ.

ರಬ್ಬರಿನ ತುಂಡನ್ನು ಆಕೆಯ ಕೈಗೆ ಕೊಟ್ಟೆ. ಜಜ್ಜಿ ಸೀಳಿಹೋಗಿತ್ತು. ಆಕೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ರಿ ಗುದ್ದಿದ್ದು?"

"ಇದೇ ಮೇಡಂ. ನಿಮ್ ತಪ್ಪಲ್ಲ."

ಆಕೆ ಅಲ್ಲೇ ಇದ್ದ ಟಯರಿನ ಮೇಲೆ ಕೂತು ಅತ್ತರು. ನನ್ನ ಕಣ್ಣಲ್ಲೂ ನೀರು ಬಂತು, ಅದನ್ನು ಯಾಕೆ ಮುಚ್ಚಿಡಲಿ. ಬಣ್ಣ ಬಳಿದವನು ಎದುರಿಗೆ ಸಿಕ್ಕಿದ್ದರೆ ಅವತ್ತು ನಾನು ಪೊಲೀಸ್ ಸ್ಟೇಷನ್ನಿನಲ್ಲಿರುತ್ತಿದ್ದೆ. ಎಲ್ಲೋ ಒಂದು ಶೆಡ್ಡಿನಲ್ಲಿ ಕೂತು ಟೀ ಕುಡಿಯುತ್ತಾ ಕತ್ತರಿಸಿರುತ್ತಾನೆ. ಅವನ ಗ್ರೈಂಡರು ಕತ್ತರಿಸಿದ್ದು ಬರೀ ಸ್ಪ್ರಿಂಗನ್ನಲ್ಲ. ಒಂದು ಮಗು ತನ್ನ ತಾಯಿಯ ಪಕ್ಕ ಕೂರಲು ಹೆದರುವ ಹಾಗೆ ಮಾಡಿದ.

ಮುಂದಿನ ಕೆಲಸ ನಾನೇ ಕೂತು ಮಾಡಿದೆ. ತಿರುವಿನ ರಸ್ತೆಗೆ ಗಾಡಿಯನ್ನು ಉತ್ತಮಪಡಿಸುವುದು ತಪ್ಪಲ್ಲ, ಆ ಆಸೆಯನ್ನು ನಾನು ಬೈಯುವುದಿಲ್ಲ. ಅದಕ್ಕೆ ಒಂದು ಕ್ರಮ ಇದೆ. ಮೊದಲು ಒಳ್ಳೆಯ ಟಯರು. ಆಮೇಲೆ ಸವೆದ ಬುಷ್ಷುಗಳು. ಆಮೇಲೆ ಸ್ಪ್ರಿಂಗು ಮತ್ತು ಶಾಕ್, ಎರಡೂ ಒಂದಕ್ಕೊಂದು ಹೊಂದುವಂತೆ ಜೋಡಿಯಾಗಿ ಬಂದವು. ಸ್ಪ್ರಿಂಗು ಕುಗ್ಗಿ ಮೇಲೆದ್ದಾಗ ಅದರ ಕುಣಿತವನ್ನು ಹಿಡಿದು ನಿಲ್ಲಿಸುವುದು ಶಾಕ್. ಗಟ್ಟಿ ಸ್ಪ್ರಿಂಗಿಗೆ ಹಳೆಯ ಶಾಕ್ ಹಾಕಿದರೆ ಅದು ಸೋಲುತ್ತದೆ. ನಾವು ಮೂಲದಷ್ಟೇ ಎತ್ತರದ, ಸ್ವಲ್ಪವೇ ಬಿಗಿಯಾದ ಜೋಡಿಯನ್ನು ತರಿಸಿದೆವು. ಗಾಡಿ ತಗ್ಗಲಿಲ್ಲ. ನೋಡಲು ಏನೂ ಬದಲಾದಂತೆ ಕಾಣಲಿಲ್ಲ. ಒಳ್ಳೆಯ ಸಸ್ಪೆನ್ಶನ್ ಕೆಲಸ ಹಾಗೇ ಇರುತ್ತದೆ.

ಕೊನೆಗೆ ಬೋಲ್ಟ್ ಬಿಗಿ ಮಾಡುವ ಹೊತ್ತಿಗೆ ಸುಧೀರ್ ಬಂದ. "ಅಣ್ಣ, ಆಯ್ತಲ್ಲ, ಲಿಫ್ಟ್ ಮೇಲೇ ಟೈಟ್ ಮಾಡಿ ಬಿಟ್ಬಿಡಿ. ಪಾರ್ಟಿ ಕಾಯ್ತಿದೆ."

"ಮಾಡಲ್ಲ" ಎಂದೆ.

"ನೀವ್ ಮಾಡ್ದಿದ್ರೆ ಬೇರೆಯವ್ರ್ ಹತ್ರ ಮಾಡುಸ್ತೀನಿ."

"ಮಾಡ್ಸು ನೋಡೋಣ! ಆ ತಾಯಿ ಮಾತನ್ನ ಕೇಳದೆ ಡ್ರೈವಿಂಗ್ ಕ್ಲಾಸ್‌ಗೆ ಕಳ್ಸಕ್ ಹೋಗಿದ್ದವ್ನು ನೀನು. ಇನ್ನೊಂದ್ ಸಲ ಅವ್ರು ಘಾಟ್‌ನಲ್ಲಿ ತಿರುಗಿದ್ರೆ ನೀನ್ ಹೋಗಿ ಎತ್ಕೊಂಡ್ ಬರ್ತೀಯಾ?"

 ನಾನು ಹೋಗಿ ಹಳೆಯ ಪಿಟ್ಟಿನ ಮೇಲಿದ್ದ ರಟ್ಟಿನ ಡಬ್ಬಗಳನ್ನು ಒಂದೊಂದಾಗಿ ಎತ್ತಿ ಎಸೆಯಲು ಶುರುಮಾಡಿದೆ. ಪಕ್ಕದ ಬೇಯ ಪೇಂಟರು ಬಂದು ಕುರ್ಚಿಗಳನ್ನು ಸರಿಸಿದ. ಹಲಗೆ ತೆಗೆದರೆ ಜೇಡರ ಬಲೆ, ಸತ್ತ ಇಲಿ. ಗಾಡಿಯನ್ನು ಪಿಟ್ಟಿನ ಮೇಲೆ ತಂದು ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಬ್ಯಾಟರಿಗಳ ಭಾರ ಇಟ್ಟು, ಒಳಗಿಳಿದು ಬೋಲ್ಟುಗಳನ್ನು ಬಿಗಿ ಮಾಡಿದೆ. ಸುಧೀರ್ ನನ್ನನ್ನು ಮನೆಗೆ ಕಳಿಸುತ್ತಾನೆ ಎಂದುಕೊಂಡಿದ್ದೆ. ಕಳಿಸಲಿಲ್ಲ. ಎರಡು ದಿನ ಮಾತು ಬಿಟ್ಟ, ಅಷ್ಟೇ. ಪಿಟ್ಟನ್ನು ಮತ್ತೆ ಮುಚ್ಚಲಿಲ್ಲ, ಅದನ್ನೂ ಹೇಳಬೇಕು.

ಮತ್ತೆ ನಂದಿ ಬೆಟ್ಟ. ಡಿಕ್ಕಿಯ ತುಂಬ ಬ್ಯಾಟರಿ. ಈ ಸಲ ಅನ್ನಪೂರ್ಣ ಓಡಿಸಿದರು. ಗಂಡನೂ ನಾನೂ ಹಿಂದೆ. ಇಳಿಯಲು ಶುರುಮಾಡಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಗಾಡಿ ವಾಲಿತು, ವಾಲುವುದು ಅಲ್ಲಿಗೇ ನಿಂತಿತು, ಮತ್ತೆ ನೇರವಾಯಿತು. ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಹಿಂದೆಯೇ ಬಂದವು. ಆಕೆ ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನಲ್ಲಿ ಒಂದೇ ಸಮನೆ ತೆಗೆದುಕೊಂಡು ಹೋಗುತ್ತಿದ್ದರು. ಗಂಡನಿಗಿಂತ ಚೆನ್ನಾಗಿ ಓಡಿಸುತ್ತಿದ್ದರು. ಕೆಳಗೆ ಬರುವ ತನಕ ಸೀಟಿನ ಅಡಿಯಿಂದ ಒಂದು ಸದ್ದೂ ಬರಲಿಲ್ಲ.

ವರ್ಕ್‌ಶಾಪಿಗೆ ವಾಪಸು ಬಂದು ಡಿಕ್ಕಿ ಖಾಲಿ ಮಾಡಿದೆವು. ಗಫೂರ್ ಸಾಬರ ಕಟ್ಟಳೆಯಂತೆ ನಾನು ಮುಂದಿನ ಎಡಗಡೆಯ ಸೀಟಿನ ಮೇಲೆ ಗೋಣಿ ಹಾಸಿ, ಒರೆಸಿದ ಹಳೆಯ ಸಾಮಾನನ್ನೆಲ್ಲ ಜೋಡಿಸಿಟ್ಟೆ. ಕತ್ತರಿಸಿದ ಕೆಂಪು ಸ್ಪ್ರಿಂಗು ಎಲ್ಲಕ್ಕಿಂತ ಮೇಲೆ. ಅಷ್ಟರಲ್ಲಿ ವೀರೇಶ್ ಲೆಕ್ಕ ಮುಗಿಸಿ ಕೌಂಟರಿನಿಂದ ಕೀ ತೆಗೆದುಕೊಂಡು ಬಂದರು. ಮುಖದಲ್ಲಿ ನಗು.

"ಅಗದಿ ಮಸ್ತ್ ಆಗೇತಿ ಗಾಡಿ. ಸರೀ ಅನು, ಇನ್ನ ನಾ ಹೊಡಿತೀನಿ" ಎಂದರು.

ನಾನು ಚಿಂದಿಯನ್ನು ನೆಲಕ್ಕೆ ಎಸೆದೆ. ಬಾಯಿಗೆ ಬಂದದ್ದನ್ನು ಕಷ್ಟಪಟ್ಟು ತಡೆದುಕೊಂಡೆ. ಅನ್ನಪೂರ್ಣ ಸುತ್ತು ಹಾಕಿ ಬಂದು ಸ್ಟೇರಿಂಗಿನ ಕಡೆಯ ಬಾಗಿಲು ತೆಗೆದು ಕೂತರು, ಬೆಲ್ಟ್ ಹಾಕಿಕೊಂಡರು. ಆಮೇಲೆ ಕಿಟಕಿಯಿಂದ ಕೈ ಹೊರಗೆ ಚಾಚಿ ಅಂಗೈ ಬಿಚ್ಚಿ ಹಿಡಿದರು. ಬೆಟ್ಟದ ರಸ್ತೆಯಲ್ಲಿ ತೋರಿಸಿದ್ದ ಅದೇ ಅಂಗೈ.

ವೀರೇಶ್ ನನ್ನ ಕಡೆ ನೋಡಿದರು. ನಾನು ಬೇರೆ ಕಡೆ ನೋಡಿದೆ. ಅವರು ಕೀಯನ್ನು ಆ ಅಂಗೈಯಲ್ಲಿಟ್ಟರು. ಎಡಗಡೆ ಬಂದು ಮುಂದಿನ ಬಾಗಿಲು ತೆಗೆದರು. ಅಲ್ಲಿ ಕೂರಲು ಜಾಗ ಇರಲಿಲ್ಲ. ಸ್ಪ್ರಿಂಗುಗಳನ್ನು ಹಿಂದಕ್ಕೆ ಎತ್ತಿಡಲು ಕೈ ಹಾಕಿದರು.

"ಅದು ಅಲ್ಲೇ ಇರ್ಲಿ ಸಾರ್" ಎಂದೆ. "ಹಿಂದ್‌ಗಡೆ ಸೀಟು ಖಾಲಿ ಇದೆ."

ಅವರು ಹಿಂದೆ ಕೂತರು. ಅನ್ನಪೂರ್ಣ ಗಾಡಿ ಶುರುಮಾಡಿ, ಕನ್ನಡಿಯಲ್ಲಿ ಗಂಡನನ್ನು ನೋಡಿ ಹೇಳಿದ ಮಾತು ಗೇಟಿನ ಹತ್ತಿರ ನಿಂತಿದ್ದ ನನಗೂ ಕೇಳಿಸಿತು.

"ಮನಿಗೆ ಹೋದ ಕೂಡ್ಲೆ ಆ ಸ್ಪ್ರಿಂಗ್ ಪಾಪೂಗ ತೋರಸ್ರಿ. ಏನಾಗಿತ್ತು ಅನ್ನೂದು ನಾ ಹೇಳಂಗಿಲ್ಲ. ನೀವ ಹೇಳಬೇಕು."